ಎದುರು ಮನೆಯ ಡಬ್ಬಿ

ಗಿರಣಿಗೆ ಯಾರೇ ಬರಲಿ, ನಾನು ಮೊದಲು ಅವರ ಡಬ್ಬಿ ನೋಡುತ್ತೇನೆ, ಆಮೇಲೆ ಮುಖ. ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು, ಯಾರ ಮಗಳು ಹೆರಿಗೆಗೆ ಬಂದು ಕೂತಳು, ಯಾರು ಬೀಗ ಹಾಕಿ ಕೂಲಿಗೆ ಹೊರಡುವ ತಯಾರಿಯಲ್ಲಿದ್ದಾರೆ, ಇದೆಲ್ಲ ಊರಿಗೆ ತಿಳಿಯುವ ವಾರ ಮುಂಚೆಯೇ ನನಗೆ ತಿಳಿದಿರುತ್ತದೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಇದಕ್ಕೆ ಸಂಶಯದ ರೋಗ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಈ ರೋಗ ನನಗೆ ತವರಿನಿಂದ ಬಂದದ್ದು. ಗದ್ವಾಲಿನಲ್ಲಿ ನನ್ನ ತಂದೆ ಸೀರೆ ನೇಯುತ್ತಿದ್ದರು. ಬೇರೆಯವರು ನೇಯ್ದ ಸೀರೆ ಕೈಗೆ ಬಂದರೆ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ, ಸೆರಗು ಮಗುಚಿ ಹಿಂಬದಿಯ ಎಳೆ ನೋಡುತ್ತಿದ್ದರು. ಅವರ ಮಗಳು ನಾನು, ಇನ್ನು ಹೇಗಿರಬೇಕು.

ಮದುವೆಯಾಗಿ ನಾನು ಬಂದ ಊರು ಮಕ್ತಲ್‌ನಿಂದ ಕೃಷ್ಣೆಯ ಕಡೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಸಿಗುತ್ತದೆ. ಸುತ್ತ ಗುಂಡುಕಲ್ಲಿನ ಗುಡ್ಡ. ಊರಿಗೆಲ್ಲ ಆಗ ಒಂದೇ ಹಿಟ್ಟಿನ ಗಿರಣಿ, ಅದು ನಮ್ಮದು. ಹೆಂಗಸರು ಬೆಳಿಗ್ಗೆ ಜೋಳ ತುಂಬಿದ ಡಬ್ಬಿಗಳನ್ನು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೊಲಕ್ಕೆ ಹೋಗುವುದು, ಇಳಿಹೊತ್ತಿಗೆ ಬಂದು ಹಿಟ್ಟು ಒಯ್ಯುವುದು ರೂಢಿ. ಡಬ್ಬಿಗಳ ಮೇಲೆ ಹೆಸರಿರುವುದಿಲ್ಲ. ಒಂದರ ಹಿಡಿಕೆಗೆ ಹಸಿರು ಚಿಂದಿ, ಇನ್ನೊಂದರ ಹೊಟ್ಟೆಗೆ ತಗ್ಗು, ಮತ್ತೊಂದರ ಮುಚ್ಚಳಕ್ಕೆ ಬಣ್ಣ. ಯಾವುದು ಯಾರದೆಂದು ಊರಿಗೇ ಗೊತ್ತು. ಯಾರ ಮನೆಗೆ ವಾರಕ್ಕೆ ಎಷ್ಟು ಸೇರು ಬೇಕು ಎಂಬುದು ಮಾತ್ರ ಗಿರಣಿಯವರಿಗೆ ಗೊತ್ತು. ಆ ಗೊತ್ತೇ ನಮ್ಮ ಕುತ್ತಿಗೆಗೆ ಬಂತು.

ಆ ಕಾಲದಲ್ಲಿ ನಮ್ಮೂರಿಗೆ ಎರಡು ಸರ್ಕಾರಗಳಿದ್ದವು. ಒಂದು ಕಾಗದದ ಮೇಲಿನದು, ಇನ್ನೊಂದು ಗುಡ್ಡದ ಮೇಲಿನದು. ಗುಡ್ಡದವರು ಹತ್ತು ಹದಿನೈದು ಜನ, ಕೈಯಲ್ಲಿ ತುಪಾಕಿ. ಊರು ಅವರನ್ನು ದಳದವರು ಎನ್ನುತ್ತಿತ್ತು, ಎದುರಿಗೆ ಅಣ್ಣ ಎನ್ನುತ್ತಿತ್ತು. ಮೊದಮೊದಲು ಅವರಿಂದ ಒಳ್ಳೆಯದೂ ಆಯಿತು, ಇಲ್ಲವೆಂದರೆ ನಾಲಿಗೆ ಬಿದ್ದೀತು. ಹೊಡೆದು ದುಡಿಸಿಕೊಳ್ಳುತ್ತಿದ್ದ ದೊಡ್ಡ ರೈತರ ಕೈ ನಿಂತಿತು. ಆಮೇಲೆ ಗಂಡಹೆಂಡಿರ ಜಗಳದಿಂದ ಹಿಡಿದು ಬದುವಿನ ತಕರಾರಿನವರೆಗೆ ಎಲ್ಲವೂ ಅವರ ಮುಂದೆಯೇ ತೀರ್ಮಾನವಾಗತೊಡಗಿತು. ಜಮೀನಿನ ಲೆಕ್ಕ ಬರೆಯುವ ಪಟವಾರಿ ಊರಿಗೆ ಬರುವುದು ಬಿಟ್ಟ. ಬಸ್ಸು ದೊಡ್ಡ ರಸ್ತೆಯಲ್ಲೇ ತಿರುಗಿಕೊಂಡು ಹೋಗುತ್ತಿತ್ತು. ಪೊಲೀಸರಿಗೆ ಸುದ್ದಿ ಕೊಟ್ಟರೆಂಬ ಸಂಶಯದ ಮೇಲೆ ದಳದವರು ಕರೆಸಿಕೊಂಡ ಇಬ್ಬರು ಹಿಂತಿರುಗಲಿಲ್ಲ. ಅವರ ಬಗ್ಗೆ ಯಾರೂ ಮಾತಾಡಲಿಲ್ಲ, ನಾವೂ ಆಡಲಿಲ್ಲ.

ಗುಡ್ಡದವರ ಊಟ ಊರಿನದು. ಸರದಿಯ ಮೇಲೆ ಒಂದೊಂದು ಮನೆಯಿಂದ ರೊಟ್ಟಿಗಂಟು ಹೊಲಕ್ಕೆ ಹೋಗುತ್ತಿತ್ತು. ಯಾವ ಮನೆ, ಯಾವ ದಿನ ಎಂದು ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನನಗೆ ಕೇಳುವ ಅಗತ್ಯವೇ ಇರಲಿಲ್ಲ. ನಾಲ್ಕು ಸೇರಿನ ಮನೆ ಆರು ಸೇರು ತಂದರೆ ಅದೇ ಹೇಳುತ್ತಿತ್ತು.

ನಮ್ಮ ಗಿರಣಿಯ ಎದುರು ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೊಸ ಊರಿಗೆ ಬಂದು ಯಾರ ಜೊತೆಗೂ ಬೆರೆಯದೆ ಮುಖ ಗಂಟಿಕ್ಕಿಕೊಂಡಿದ್ದ ನನ್ನನ್ನು ಎಳೆದುಕೊಂಡು ಹೋಗಿ ತಲೆಗೆ ಎಣ್ಣೆ ಹಚ್ಚಿದವಳು ಅವಳೊಬ್ಬಳೇ. ಅವಳ ಗಂಡ ದಳದಲ್ಲಿದ್ದ. ಊರಿಗೆ ಗೊತ್ತಿತ್ತು, ಪೊಲೀಸರಿಗೂ ಗೊತ್ತಿತ್ತು. ಅವನು ಶರಣಾದರೆ ಬದುಕುತ್ತಾನೆ, ಸಿಕ್ಕರೆ ಸಾಯುತ್ತಾನೆ ಎಂದು ಠಾಣೆಯವರು ಅಕ್ಕನಿಗೆ ಎರಡು ಸಲ ಹೇಳಿ ಹೋಗಿದ್ದರು. ಅವಳು ಕೇಳಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಹೀಗಿರುವಾಗ ಠಾಣೆಗೆ ಹೊಸ ಎಸ್ಸೈ ಬಂದ. ಹಿಂದಿನವರು ಜೀಪು ತುಂಬ ಜನ ತಂದು ಬಾಗಿಲು ಒದೆಯುತ್ತಿದ್ದರು. ಇವನು ಇಬ್ಬರನ್ನು ಕರೆದುಕೊಂಡು ಹಾಡುಹಗಲಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಡಬ್ಬಿಗಳ ಪಕ್ಕದಲ್ಲಿ. ನೀರು ಕೇಳಿ ಕುಡಿದ. ಗಿರಣಿ ಕಲ್ಲಿಗೆ ಉಳಿ ಹೊಡೆಸಿದ್ದು ಯಾವಾಗ ಎಂದು ಕೇಳಿದ. ಈ ಸಲದ ಜೋಳ ಹೇಗಿದೆ ಎಂದು ಕೇಳಿದ. ಎದ್ದು ಹೋದ. ಮೂರು ದಿನ ಬಿಟ್ಟು ಮತ್ತೆ ಬಂದ, ಮತ್ತೆ ಕೂತ, ಮತ್ತೆ ನೀರು. ದಳದ ಮಾತೇ ಎತ್ತಲಿಲ್ಲ.

“ಯಾಕ ಬರ್ತಾನ್ರೀ ಇವ?” ಎಂದು ಮನೆಯವರನ್ನು ಕೇಳಿದೆ.

“ನೀರು ಕುಡ್ಯಾಕ,” ಎಂದರು.

“ಠಾಣೇದಾಗ ನೀರಿಲ್ಲೇನು?”

ಅವರು ಇಂಜಿನ್ನಿನ ಪಟ್ಟಾ ಸರಿ ಮಾಡತೊಡಗಿದರು. ನಮ್ಮ ಮನೆಯವರು ಮಾತಿನಲ್ಲಿ ಬಲು ಜಿಪುಣರು. ಬೇರೆ ಕಾಲದಲ್ಲಾಗಿದ್ದರೆ ಅದು ನನಗೆ ನಗೆಯ ವಿಷಯ. ಆಗ ಆಗಲಿಲ್ಲ. ಎಸ್ಸೈ ಹೊರಟಾಗ ಇವರು ಜೀಪಿನವರೆಗೆ ಕಳಿಸಲು ಹೋಗುತ್ತಿದ್ದರು. ಆ ಮೂವತ್ತು ಹೆಜ್ಜೆಯಲ್ಲಿ ಇಬ್ಬರೂ ಏನು ಮಾತಾಡಿಕೊಳ್ಳುತ್ತಾರೆ ಎಂದು ನಾನು ಕಿಟಕಿಯಿಂದ ತುಟಿ ನೋಡುತ್ತಿದ್ದೆ. ನಾನು ನೋಡುತ್ತಿದ್ದೆನೆಂದರೆ ಊರೂ ನೋಡುತ್ತಿತ್ತು.

ಹದಿನೈದು ದಿನದಲ್ಲಿ ಕಟ್ಟೆಯ ಸಾಲು ಗಿಡ್ಡವಾಯಿತು. ಮೊದಲು ಹಸಿರು ಚಿಂದಿ ಹೋಯಿತು, ಆಮೇಲೆ ತಗ್ಗಿನ ಡಬ್ಬಿ. ಅಟ್ಟದ ಮೇಲೆ ಎಷ್ಟೋ ವರ್ಷ ಬಿದ್ದಿದ್ದ ಬೀಸುಕಲ್ಲುಗಳು ಕೆಳಗಿಳಿದವು. ಮಧ್ಯಾಹ್ನ ಓಣಿಯಲ್ಲಿ ನಡೆದರೆ ಬಾಗಿಲು ಹಾಕಿದ ಮನೆಗಳಿಂದ ಗರಗರ ಸದ್ದು. ಎದುರು ಮನೆಯಿಂದಲೂ. ಅಕ್ಕ ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡತೊಡಗಿದಳು.

ಎಸ್ಸೈ ಏನು ಮಾಡುತ್ತಿದ್ದಾನೆಂದು ನನಗೆ ಹೊಳೆದದ್ದು ಅವನ ಆರನೆಯದೋ ಏಳನೆಯದೋ ಭೇಟಿಯಲ್ಲಿ. ಅವನು ಕಟ್ಟೆಯ ಮೇಲಿದ್ದ ಡಬ್ಬಿಗಳನ್ನು ನೋಡುತ್ತಿರಲಿಲ್ಲ, ಖಾಲಿ ಜಾಗ ನೋಡುತ್ತಿದ್ದ. ಮುಚ್ಚಿಡಲು ಏನೂ ಇಲ್ಲದವರು ಗೊಣಗುತ್ತಲಾದರೂ ಬರುತ್ತಿದ್ದರು. ಬಾರದೆ ಹೋದವರು ತಾವಾಗಿಯೇ ತಮ್ಮ ಮನೆಯ ಬಾಗಿಲಿಗೆ ಗುರುತು ಹಾಕಿಕೊಂಡಂತಾಗಿತ್ತು. ನಮ್ಮನ್ನು ಒಂದು ಮಾತೂ ಕೇಳದೆ ಅವನು ನಮ್ಮ ಕಟ್ಟೆಯಿಂದಲೇ ಊರಿನ ಪಟ್ಟಿ ಬರೆದುಕೊಂಡಿದ್ದ. ನನಗೆ ಮೈ ಉರಿದುಹೋಯಿತು. ಅವನ ಮೇಲೆ ಎಷ್ಟು ಸಿಟ್ಟು ಬಂತೋ ಅದರ ಎರಡರಷ್ಟು ನನ್ನ ಮೇಲೆ ಬಂತು. ಬೇರೆಯವರ ಡಬ್ಬಿ ಓದುವ ನಾನು ಇದನ್ನು ಇಷ್ಟು ತಡವಾಗಿ ಓದಿದೆನಲ್ಲ.

ಮರುದಿನ ಬೆಳಿಗ್ಗೆ ಎದುರು ಮನೆಗೆ ಹೋದೆ.

“ಅಕ್ಕ, ಜೋಳ ಕೊಡು. ನಾನs ಒಯ್ದು ಬೀಸಿ ಕೊಡ್ತೀನಿ.”

“ಯಾಕ? ನಿನಗ್ಯಾರು ಹೇಳಿ ಕಳಿಸ್ಯಾರ?”

“ಯಾರೂ ಕಳಿಸಿಲ್ಲ. ನಿನ್ನ ಡಬ್ಬಿ ಕಟ್ಟಿ ಮ್ಯಾಲೆ ಕಾಣಬೇಕು. ಕಾಣಲಿಲ್ಲಂದ್ರ ಅವ ನಿನ್ನ ಮನಿ ಕಡೆ ನೋಡಾಕತ್ತಾನ.”

ನಂಬಿದಳೆಂದು ನಾನು ಹೇಳಲಾರೆ. ಕೊನೆಗೆ ಡಬ್ಬಿಯ ತಳಕ್ಕೆ ಎರಡು ಸೇರು ಜೋಳ ಹಾಕಿ ಕೊಟ್ಟಳು. ಇಬ್ಬರೇ ಇರುವ ಮನೆಗೆ ಸರಿಯಾದ ಲೆಕ್ಕ. ಅವಳು ದಡ್ಡಿಯಲ್ಲ.

ದಡ್ಡಿ ನಾನು. ಬೀಸಿದ ಹಿಟ್ಟನ್ನು ಡಬ್ಬಿಗೆ ಸುರಿದಾಗ ಅದು ಮುಕ್ಕಾಲು ಖಾಲಿ ಕಂಡಿತು. ನಮ್ಮ ಅತ್ತೆ ಇದ್ದಾಗ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗಂಡ ದೂರವಿರುವ ಮುತ್ತೈದೆಯ ಪಾತ್ರೆ ನಮ್ಮ ಕೈಗೆ ಬಂದರೆ ಅರೆಬರೆಯಾಗಿ ಹಿಂತಿರುಗಿಸಬಾರದು, ಗಂಡನ ಆಯುಷ್ಯಕ್ಕೆ ಕೊರತೆ ಬರುತ್ತದೆ. ಕೂಲಿಗೆ ಪುಣೆಗೋ ಮುಂಬಯಿಗೋ ಹೋದವರ ಹೆಂಡಂದಿರಿಗೆಲ್ಲ ಅತ್ತೆ ಹಾಗೆಯೇ ಒಂದು ಹಿಡಿ, ಎರಡು ಹಿಡಿ ಸೇರಿಸಿ ಕೊಡುತ್ತಿದ್ದರು. ಹೆಂಗಸರು ಹೊಲದಲ್ಲಿದ್ದಾಗ ಗಿರಣಿಯಲ್ಲಿ ನಾನೊಬ್ಬಳೇ ಇದ್ದೆ. ಅಕ್ಕನ ಗಂಡ ಗುಂಡಿನ ಬಾಯಿಯಲ್ಲಿ ಇದ್ದಾನೆ, ಅವನ ಹೆಂಡತಿಯ ಡಬ್ಬಿ ಅರ್ಧಕ್ಕೂ ಇಲ್ಲ. ನಮ್ಮ ಚೀಲದಿಂದ ಹಿಟ್ಟು ತೆಗೆದು ತೆಗೆದು ಹಾಕಿದೆ, ಅಂಚಿನವರೆಗೆ ತುಂಬಿ, ಮುಚ್ಚಳ ಒತ್ತಿ ಹಾಕಿ, ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಅವನು ಬದುಕಲಿ ಎಂದೇ ತುಂಬಿದೆ. ದೇವರಾಣೆ.

ಇಳಿಹೊತ್ತಿಗೆ ಎಸ್ಸೈ ಬಂದ. ಹೆಂಗಸರು ಹಿಟ್ಟು ಒಯ್ಯಲು ಬಂದು ನಿಂತಿದ್ದರು. ಅವನು ಕೂರಲಿಲ್ಲ. ನೇರ ಆ ಡಬ್ಬಿಯ ಮುಂದೆ ನಿಂತು “ಇದಿ ಎವರಿದಿ?” ಎಂದು ತೆಲುಗಿನಲ್ಲಿ ಕೇಳಿದ.

“ಎದುರು ಮನೀದು ಸಾರ್,” ಎಂದರು ನಮ್ಮ ಮನೆಯವರು.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ಇಬ್ಬರು ಎಂದರು. ಎಸ್ಸೈ ಡಬ್ಬಿಯನ್ನು ಒಂದು ಕೈಯಿಂದ ಎತ್ತಲು ನೋಡಿ, ಆಮೇಲೆ ಎರಡೂ ಕೈ ಹಾಕಿದ. ಮುಚ್ಚಳ ತೆಗೆದು ಒಳಗೆ ನೋಡಿದ. ಡಬ್ಬಿಯನ್ನು ಜೀಪಿಗೆ ಇಡಿಸಿಕೊಂಡು, ಎದುರು ಮನೆಗೆ ಹೋಗಿ ಅಕ್ಕನನ್ನು ಮರುದಿನ ಠಾಣೆಗೆ ಬರಲು ಹೇಳಿ ಹೊರಟುಹೋದ.

ನಾನು ಒಳಗೆ ಕೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದೆ. ತುಂಬಿದವಳು ನಾನು ಎಂದು ಅಲ್ಲೇ ಹೇಳಬಹುದಿತ್ತು. ದಳದವನ ಮನೆಗೆ ನೀನ್ಯಾಕೆ ಹಿಟ್ಟು ತುಂಬಿದೆ ಎಂದು ಕೇಳಿದಾಗ ಅತ್ತೆಯ ಕಟ್ಟಳೆ ಹೇಳಿದರೆ ಅವನು ನಂಬುತ್ತಿದ್ದನೇ? ಹೆದರಿದೆ. ಅದಕ್ಕೆ ಬೇರೆ ಚೆಂದದ ಹೆಸರಿಲ್ಲ.

ಅಕ್ಕನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿ ಸಂಜೆಗೆ ಕಳಿಸಿದರು. ಕೊಟ್ಟದ್ದು ಎರಡು ಸೇರು, ಉಳಿದದ್ದು ನನ್ನದಲ್ಲ ಎಂದು ಅವಳು ಹೇಳುತ್ತಲೇ ಇದ್ದಳಂತೆ. ಯಾರು ನಂಬುತ್ತಾರೆ? ಊರಿನ ಮಾತು ಮಾತ್ರ ಒಂದೇ ದಿನದಲ್ಲಿ ಗಟ್ಟಿಯಾಯಿತು. ಗಿರಣಿಯವನು, ಎಸ್ಸೈ ಸೇರಿ ಡಬ್ಬಿ ತುಂಬಿಸಿ ಆ ಹೆಂಗಸನ್ನು ಸಿಕ್ಕಿಸಿದರು, ಇಷ್ಟು ದಿನ ಕುಡಿದ ನೀರೆಲ್ಲ ಅದಕ್ಕೇ. ಕಟ್ಟೆಗೆ ಒಂದು ಡಬ್ಬಿಯೂ ಬರಲಿಲ್ಲ. ಅಕ್ಕ ನಮ್ಮ ಬಾಗಿಲ ಮುಂದೆ ಹಾಯುವಾಗ ನೆಲಕ್ಕೆ ಉಗುಳಿ ಹೋದಳು.

ಮೂರನೆಯ ದಿನ ಎಮ್ಮೆ ಕಾಯುವ ಮುದುಕ ಬಂದು ನಮ್ಮ ಮನೆಯವರಿಗೆ ಹೇಳಿದ:

“ಅಣ್ಣಗಳು ಕರದಾರಪ್ಪ. ನಾಳಿ ಮುಂಜಾನಿ ಗುಡ್ಡಕ್ಕ ಒಬ್ಬನs ಬಾ ಅಂದಾರ.”

ಗುಡ್ಡದಿಂದ ಕರೆ ಬಂದವರು ಹಿಂತಿರುಗದ ಊರು ಇದು. ನಾನು ಅವರ ಕೈ ಹಿಡಿದು ಗದ್ವಾಲಿಗೆ ಹೋಗೋಣ, ತವರಿನಲ್ಲಿ ಮಗ್ಗದ ಹಿಂದೆ ಬಚ್ಚಿಟ್ಟುಕೊಂಡಾದರೂ ಇರೋಣ ಎಂದು ಅಳುತ್ತ ಬೇಡಿದೆ. ಓಡಿ ಹೋದರೆ ಹೌದೆಂದು ಒಪ್ಪಿಕೊಂಡಂತೆ ಎಂದು ಅವರು ಒಪ್ಪಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಗೆದ ಅಂಗಿ ಹಾಕಿಕೊಂಡು ಹೊರಟರು. ತುಂಬಿದವಳು ನಾನು ಎಂದು ಆಗಲೂ ನನಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ಅವರ ಕೈಯಲ್ಲಿ ಒಂದು ಉತ್ತರವಾದರೂ ಇರುತ್ತಿತ್ತು. ಹೊಸ್ತಿಲಲ್ಲಿ ಕೂತು ಗುಡ್ಡದ ಕಡೆಗೆ ನೋಡುತ್ತ, ಒಂದು ಗುಂಡಿನ ಸದ್ದಿಗಾಗಿ ಕಿವಿ ಇಟ್ಟು, ಅದು ಕೇಳಬಾರದೆಂದು ಬೇಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವರು ನಡೆದುಕೊಂಡು ಬಂದರು. ಮೈಮೇಲೆ ಒಂದು ಗೀರೂ ಇರಲಿಲ್ಲ.

“ಏನಂದ್ರೀ ಅವರಿಗೆ?”

“ಇದ್ದದ್ದು ಹೇಳಿದೆ. ಬಿಟ್ಟರು.”

ಅಷ್ಟೇ. ಮೊದಲ ದಿನ ಬದುಕಿ ಬಂದರಲ್ಲ ಎಂಬ ಸಂತೋಷ. ಎರಡನೆಯ ದಿನದಿಂದ ಸಂಶಯ. ಇದ್ದದ್ದು ಹೇಳಿದವರನ್ನು ಅವರು ಯಾವಾಗ ಬಿಟ್ಟಿದ್ದರು? ಇವರು ಏನು ಕೊಟ್ಟು ಬಂದರು? ಎಸ್ಸೈ ಬಂದಾಗ ಅವನಿಗೆ ಇವರು ಏನು ಕೊಡುತ್ತಿದ್ದಾರೋ ಎಂದು ತುಟಿ ನೋಡುತ್ತಿದ್ದ ನಾನು, ಈಗ ಮಲಗಿದವರ ಮುಖ ನೋಡತೊಡಗಿದೆ. ಬಡಿಸುವಾಗ ನೋಡಿದೆ, ಇಂಜಿನ್ ಹಚ್ಚುವಾಗ ನೋಡಿದೆ. ಏನೂ ಸಿಗಲಿಲ್ಲ.

ವಾರ ಕಳೆಯುವುದರೊಳಗೆ ಅಕ್ಕನ ಗಂಡ ಒಬ್ಬನೇ ನಡೆದುಕೊಂಡು ಹೋಗಿ ಠಾಣೆಯಲ್ಲಿ ಶರಣಾದ. ಅವನ ಬೆನ್ನಿಗೆ ಇನ್ನಿಬ್ಬರು. ಯಾರು ಯಾರ ಹೆಸರು ಹೇಳಿದರು ಎಂಬ ಹೆದರಿಕೆಗೆ ಊರಿನ ರೊಟ್ಟಿಗಂಟು ನಿಂತೇಹೋಯಿತು. ಉಳಿದವರು ಹಸಿದು, ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ, ಹೊಳೆ ದಾಟಿ ಕಾಡಿನ ಕಡೆಗೆ ಹೋದರು. ಅಲ್ಲಿ ಸತ್ತರೆಂದು ಆಮೇಲೆ ಕೇಳಿದೆವು. ಗುಡ್ಡದ ಸರ್ಕಾರ ಹೀಗೆ ಮುಗಿಯಿತು. ಪಟವಾರಿ ಬಂದ, ಬಸ್ಸು ಊರೊಳಗೆ ಬಂತು, ಶಾಲೆಯ ಬೀಗ ತೆಗೆಯಿತು. ಒಳ್ಳೆಯದೇ ಆಯಿತು ಎಂದು ಎಲ್ಲರೂ ಹೇಳಿದರು, ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯಲು ಮಾತ್ರ ಬಹಳ ವರ್ಷ ಬೇಕಾಯಿತು. ಅಕ್ಕ ಅತ್ತೆಯನ್ನು ಕರೆದುಕೊಂಡು ನಾರಾಯಣಪೇಟೆಗೆ ಹೋದಳು. ಅವಳ ಗಂಡನಿಗೆ ಅಲ್ಲಿ ಹತ್ತಿ ಗೋದಾಮಿನಲ್ಲಿ ಕಾವಲು ಕೆಲಸ ಸಿಕ್ಕಿತ್ತು. ಎದುರು ಮನೆಗೆ ಬೀಗ ಬಿತ್ತು.

ಹೋದ ವರ್ಷ ಗಂಡಹೆಂಡತಿ ಇಬ್ಬರೂ ವಾಪಸು ಬಂದರು. ಅತ್ತೆ ತೀರಿಕೊಂಡಿದ್ದಳು. ಅಕ್ಕ ನಮ್ಮ ಕಟ್ಟೆ ಹತ್ತಲಿಲ್ಲ, ಅವಳ ಗಂಡ ಮಾತ್ರ ಬಂದ. ಅವನನ್ನು ನಾನು ಭಾವ ಎನ್ನುತ್ತೇನೆ. ತಲೆಯೆಲ್ಲ ಬೆಳ್ಳಗಾಗಿ, ಒಂದು ಕಾಲು ಎಳೆದು ಹಾಕುತ್ತಾನೆ. ಮೊನ್ನೆ ಒಂದು ಮಧ್ಯಾಹ್ನ ನಮ್ಮ ಮನೆಯವರು ಸಾಮಾನು ತರಲು ಮಕ್ತಲ್‌ಗೆ ಹೋಗಿದ್ದಾಗ, ಹಿಟ್ಟು ಬೀಸುವವರೆಗೆ ಕೂತವನು ತಾನಾಗಿಯೇ ಮಾತು ತೆಗೆದ.

“ತಂಗೀ, ನಿನ್ನ ಗಂಡ ಅವತ್ತು ಗುಡ್ಡಕ್ಕ ಬಂದು ಹೇಳಿದ ಮಾತಿನಿಂದs ನಾ ಬದುಕೀನಿ.”

“ಏನ ಹೇಳಿದ್ರು ಭಾವ?”

“ನಿನಗ ಗೊತ್ತಿಲ್ಲೇನು? ನಿನ್ನ ಗಂಡ, ತಾ ಪೊಲೀಸರಿಗೆ ಏನೂ ಹೇಳಿಲ್ಲ, ಅವರs ಕಣ್ಣೀಲೆ ನೋಡ್ಯಾರ, ಆ ಮನೀ ಡಬ್ಬಿ ತುಂಬ ಹಿಟ್ಟಿತ್ತು ಅಂದ. ಇಬ್ಬರs ಇರೋ ಮನ್ಯಾಗ ಅಷ್ಟು ಹಿಟ್ಟು ಯಾರಿಗೆ, ನಿಮಗ ಬರೋದು ನಾಕು ರೊಟ್ಟಿ, ಉಳಿದದ್ದು ಎಲ್ಲಿ ಹೋಗತೈತಿ ಅವನನ್ನs ಕೇಳ್ರಿ ಅಂತ ನನ್ನ ಕಡೆ ಬಟ್ಟು ಮಾಡಿದ. ನಮ್ಮ ನಾಯಕ ನನ್ನ ತುಪಾಕಿ ಕಸಗೊಂಡ. ಓಡಿಹೋಗಾಕ ಬುತ್ತಿ ಕೂಡಿಡಾಕತ್ತೀಯೇನು, ಇಲ್ಲಾ ಪೊಲೀಸರಿಗೆ ಉಣಸಾಕತ್ತೀಯೇನು ಅಂದ. ಹತ್ತು ವರ್ಷ ಒಂದs ಗಂಗಾಳದಾಗ ಉಂಡವರು. ಆರು ದಿನ ನನ್ನ ಕಾವಲು ಕಾಯ್ದರು. ಏಳನೇ ದಿನ ನೀರು ತರಾಕ ಬಿಟ್ಟಾಗ ಕೊಡ ಬಿಟ್ಟು ಓಡಿದೆ. ಪೊಲೀಸರಿಗೆ ಅಂಜಿ ಶರಣಾಗಲಿಲ್ಲ ನಾನು, ನಮ್ಮವರಿಗೆ ಅಂಜಿ ಆದೆ.”

ಹಿಟ್ಟು ಬೀಸಿ ಆಗಿತ್ತು. ನನಗೆ ಇಂಜಿನ್ ನಿಲ್ಲಿಸಬೇಕೆಂಬುದೂ ಮರೆತಿತ್ತು.

“ಆದ್ರ ನಿಮ್ಮಕ್ಕ ಇವತ್ತಿಗೂ ಆಣಿ ಮಾಡತಾಳ,” ಎಂದ ಅವನು ಏಳುತ್ತ. “ಕೊಟ್ಟದ್ದು ಎರಡs ಸೇರು ಅಂತ. ಆ ಡಬ್ಬಿ ತುಂಬಿದವರು ಯಾರಂತ ಗೊತ್ತಾಗದs ನನ್ನ ಜೀವಾ ಹೋಗೂದಿಲ್ಲ ಅಂತಾಳ.”

ನಮ್ಮ ಮನೆಯವರು ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತ ಮೇಲೆ ಹೇಳಿದೆ.

“ಆ ಡಬ್ಬಿ ತುಂಬಿದಾಕಿ ನಾನು.”

ಯಾವ ಡಬ್ಬಿ ಎಂದು ಅವರು ಕೇಳಲಿಲ್ಲ.

“ಗೊತ್ತೈತಿ,” ಎಂದರು. “ಇಂಜಿನ್ನಿಗೆ ನೀರು ಹಾಕಾಕ ಒಳಗ ಬಂದಿದ್ದೆ. ನಮ್ಮ ಚೀಲದಾಗಿಂದ ತಗದು ಹಾಕಾಕತ್ತಿದ್ದಿ. ನೋಡಿ ಹೊಳ್ಳಿ ಹೋದೆ.”

“ಗೊತ್ತಿದ್ದೂ ಗುಡ್ಡದ ಮ್ಯಾಲೆ ಹಂಗ ಹೇಳಿದ್ರಿ? ಅವರು ಭಾವನ್ನ ಅಲ್ಲೇ ಹೊಡದು ಹಾಕಿದ್ರ?”

“ತುಂಬಿದ್ದು ಯಾರು ಅಂತ ಕೇಳಿದ್ರು. ಯಾರ ಹೆಸರು ಹೇಳಬೇಕಿತ್ತು, ನಿಂದಾ?”

ಇಪ್ಪತ್ತು ವರ್ಷ ಈ ಮನುಷ್ಯನ ತುಟಿ, ಮುಖ, ಜೇಬು ಎಲ್ಲ ಶೋಧಿಸಿದ್ದೆ. ಅವರು ಅಷ್ಟೂ ವರ್ಷ ನನ್ನ ತಪ್ಪನ್ನೇ ಒಳಗಿಟ್ಟುಕೊಂಡು ಕೂತಿದ್ದರು. ಅವರ ಮೇಲೆ ಸಿಟ್ಟು ಬಂತು, ಅಳು ಬಂತು, ಕಾಲು ಹಿಡಿಯೋಣ ಎನ್ನಿಸಿತು, ಮೂರೂ ಒಟ್ಟಿಗೆ. ಮೂರನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಎದುರು ಮನೆಗೆ ಹೋದೆ. ಅಕ್ಕ ಬಾಗಿಲಲ್ಲೇ ನಿಂತು, ಒಳಗೆ ಬಾ ಎನ್ನದೆ, ಕೇಳಿಸಿಕೊಂಡಳು. ನಾನು ನಿಂತೇ ಎಲ್ಲ ಹೇಳಿದೆ. ಎರಡು ಸೇರು, ಅತ್ತೆಯ ಕಟ್ಟಳೆ, ನಮ್ಮ ಚೀಲದ ಹಿಟ್ಟು, ಎಸ್ಸೈ ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತದ್ದು. ಅವಳು ಬಾಗಿಲಿನ ಚೌಕಟ್ಟು ಹಿಡಿದು ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿ ಜಾಗ ಮಾಡಿ, ನನ್ನ ಕೈ ಎಳೆದು ಕೂರಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

“ತುಂಬಿದಾಕಿ ನೀನಂತ ನಿನ್ನ ಗಂಡಗ ಗೊತ್ತಿತ್ತೇನು, ಗುಡ್ಡಕ್ಕ ಹೋದಾಗ?”

ಅವಳ ಕೈ ಇನ್ನೂ ನನ್ನ ಕೈಯಲ್ಲಿತ್ತು.

“ಇಲ್ಲ ಅಕ್ಕ,” ಅಂದೆ.